ಪಾಳಿಯಲ್ಲಿ ಮೊದಲು ಯಾರು?

ಎಂಟನೇ ವರ್ಗದಲ್ಲಿ ಒಂದು ದಿನ ಹೀಗೇ ಒಂದು ಪ್ರಶ್ನೆ ಕೇಳಿದೆ. ಸರಕಾರಿ ದವಾಖಾನೆ. ಬೆಳಿಗ್ಗೆ ಒಂಬತ್ತು ಗಂಟೆ. ನಲವತ್ತು ಮಂದಿ ಕೇಸ್ ಪೇಪರ್ ಹಿಡಿದು ಪಾಳಿಯಲ್ಲಿ ನಿಂತಿದ್ದಾರೆ. ಡಾಕ್ಟರ್ ಒಬ್ಬರೇ. ಅವರು ಯಾರನ್ನು ಮೊದಲು ನೋಡಬೇಕು?

"ಮೊದಲ ಬಂದವರನ್ನ ಮೊದಲ ನೋಡಬೇಕ್ರಿ ಸರ್" ಅಂತ ಅರ್ಧ ವರ್ಗ ಒಟ್ಟಿಗೇ ಕೂಗಿತು. ನ್ಯಾಯದ ಮಾತೇ. ರೇಶನ್ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಾವು ಅದನ್ನೇ ಒಪ್ಪುತ್ತೇವೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಎದ್ದು ನಿಂತಳು. "ಕಡೀಕ ನಿಂತಾಕಿ ಕೈಯಾಗಿನ ಕೂಸಿಗೆ ಉಸಿರ ಸಿಗವಲ್ದು ಅಂದ್ರ ಏನ್ ಮಾಡೂದ್ರಿ?" ಅಂದಳು. ವರ್ಗ ಸುಮ್ಮನಾಯಿತು.

ಈ ಸಲದ ಪಾಠ ಆ ಹುಡುಗಿಯ ಪ್ರಶ್ನೆಯ ಮೇಲೆ. ಅದೇ ಪ್ರಶ್ನೆಗೆ ಉತ್ತರ ಹುಡುಕುತ್ತಾ, ಆ ಉತ್ತರವನ್ನು ನರ್ಸುಗಳಿಗೆ, ಕಾರಕೂನರಿಗೆ, ಗೇಟಿನ ಕಾವಲುಗಾರರಿಗೆ ಕಲಿಸುತ್ತಾ ತಮ್ಮ ವೃತ್ತಿಜೀವನದ ಬಹುಪಾಲು ಕಳೆದ ಒಬ್ಬ ವೈದ್ಯೆ ಇದ್ದಾರೆ. ಹೆಸರು ಎಲಿಜಬೆತ್ ಮೊಲಿನ್ಯೂ. ಇಂಗ್ಲೆಂಡಿನವರು, ಕೆಲಸ ಮಾಡಿದ್ದು ಹೆಚ್ಚಾಗಿ ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ಎಂಬ ಊರಿನಲ್ಲಿ. ನಕಾಶೆ ತೆಗೆದು ನೋಡಿ: ಆಫ್ರಿಕಾದ ಆಗ್ನೇಯಕ್ಕೆ, ಒಂದು ಉದ್ದನೆಯ ಸರೋವರದ ಪಕ್ಕ ಅಂಟಿಕೊಂಡಂತಿರುವ ಚಿಕ್ಕ ದೇಶ ಮಲಾವಿ. ಅದರ ದಕ್ಷಿಣ ತುದಿಯ ಹತ್ತಿರ ಬ್ಲಾಂಟೈರ್.

ಮೊದಲು ಒಂದು ಶಬ್ದ ಕಲಿಯೋಣ: ಟ್ರಯಾಜ್. ಫ್ರೆಂಚ್ ಭಾಷೆಯ ಈ ಶಬ್ದಕ್ಕೆ ಆರಿಸುವುದು, ವಿಂಗಡಿಸುವುದು ಎಂದು ಅರ್ಥ. ನಿಮ್ಮ ಅವ್ವ ಮೊರದಲ್ಲಿ ಜೋಳ ಹಸನು ಮಾಡುವಾಗ ಹಳ್ಳು ಒಂದು ಕಡೆ, ಕಾಳು ಒಂದು ಕಡೆ ಮಾಡುತ್ತಾರಲ್ಲ, ಹಾಗೆ. ನೆಪೋಲಿಯನ್ನನ ಸೈನ್ಯದಲ್ಲಿ ಲಾರೆ ಎಂಬ ಶಸ್ತ್ರವೈದ್ಯ ಇದ್ದ. ಗಾಯಗೊಂಡವರಲ್ಲಿ ಅಧಿಕಾರಿ ಯಾರು, ಸಿಪಾಯಿ ಯಾರು ಅಂತ ನೋಡದೆ, ಯಾರ ಗಾಯ ಹೆಚ್ಚು ಅಪಾಯದ್ದೋ ಅವರನ್ನು ಮೊದಲು ನೋಡಬೇಕು ಅಂದವನು ಅವನು. ಅಂದರೆ ಪಾಳಿ ಇರಲಿ, ಆದರೆ ಪಾಳಿಯನ್ನು ನಿರ್ಧರಿಸುವುದು ಗಡಿಯಾರ ಅಲ್ಲ, ಪದವಿಯೂ ಅಲ್ಲ, ರೋಗಿಯ ಮೈ.

ಚಿಕ್ಕ ಮಕ್ಕಳಿಗೆ ತಡವಾದರೆ ಯಾಕೆ ಅಷ್ಟು ಅಪಾಯ?

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಉಳಿದ ಕಥೆಯೆಲ್ಲ ಈ ವಿಜ್ಞಾನದ ಮೇಲೇ ನಿಂತಿದೆ. ಕೂಸು ಅಂದರೆ ಸಣ್ಣ ಅಳತೆಯ ದೊಡ್ಡ ಮನುಷ್ಯ ಅಲ್ಲ.

ಉಸಿರಿನ ನಳಿಕೆ ತಗೊಳ್ಳಿ. ಎಳೆ ಕೂಸಿನ ಶ್ವಾಸನಾಳದ ಅಗಲ ಸುಮಾರು 4 ಮಿಲಿಮೀಟರ್. ನೆಗಡಿಯೋ ಸೋಂಕೋ ಆಗಿ ಒಳಗೋಡೆ ಸುತ್ತಲೂ ಬರೀ 1 ಮಿಲಿಮೀಟರ್ ಊದಿಕೊಂಡಿತು ಅನ್ನಿ. ಎರಡೂ ಬದಿಯಿಂದ ಒಂದೊಂದು ಹೋಯಿತು, ಉಳಿದದ್ದು 2 ಮಿಲಿಮೀಟರ್. ಅಗಲ ಅರ್ಧವಾಯಿತು. ಹಾಗಾದರೆ ಗಾಳಿಗೆ ಆಗುವ ತಡೆ ಎರಡು ಪಟ್ಟು ಆಯಿತೇ? ಇಲ್ಲ. ನಳಿಕೆಯಲ್ಲಿ ನಯವಾಗಿ ಹರಿಯುವ ದ್ರವ ಅಥವಾ ಗಾಳಿಗೆ ಇರುವ ತಡೆ, ನಳಿಕೆಯ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಇದು ಪ್ವಾಸೇಯ್ ಎಂಬ ವಿಜ್ಞಾನಿಯ ನಿಯಮ. ತ್ರಿಜ್ಯ ಅರ್ಧವಾದರೆ ತಡೆ 2 × 2 × 2 × 2, ಅಂದರೆ 16 ಪಟ್ಟು. ಹೋಲಿಕೆಗೆ 8 ಮಿಲಿಮೀಟರ್ ಅಗಲದ ನಳಿಕೆ ತಗೊಂಡು ಅಷ್ಟೇ ಊತ ಕೊಟ್ಟು ನೋಡಿ: 8 ಹೋಗಿ 6 ಆಗುತ್ತದೆ, ತಡೆ ಹೆಚ್ಚುವುದು ಸುಮಾರು 3 ಪಟ್ಟು ಮಾತ್ರ. ದೊಡ್ಡವರ ಶ್ವಾಸನಾಳ ಇದಕ್ಕಿಂತಲೂ ಅಗಲ. ಅದಕ್ಕೇ ನಮಗೆ ಕೆಮ್ಮು ಕಿರಿಕಿರಿ ಮಾತ್ರ, ಕೂಸಿಗೆ ಅದೇ ಪ್ರಾಣಸಂಕಟ.

ನೀರಿನ ಲೆಕ್ಕವೂ ಹಾಗೇ. ಹುಟ್ಟಿದ ಕೂಸಿನ ತೂಕದ ಸುಮಾರು ಮುಕ್ಕಾಲು ಪಾಲು ನೀರು. ಮೈ ಚಿಕ್ಕದು, ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತೀರ್ಣ ಹೆಚ್ಚು. ಭೇದಿ ಶುರುವಾದರೆ ಕೆಲವೇ ಗಂಟೆಗಳಲ್ಲಿ ಒಣಗಿಹೋಗುತ್ತದೆ. ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನೂ ಕಡಿಮೆ. ಊಟ ಬಿಟ್ಟ ಜ್ವರದ ಕೂಸಿನ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ, ಸಕ್ಕರೆ ಇಳಿದರೆ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು.

ಇನ್ನೊಂದು ಮಾತು ನನಗೆ ಓದಿದಾಗ ಬಹಳ ಆಶ್ಚರ್ಯ ಆಗಿತ್ತು. ಮೈಯಲ್ಲಿ ರಕ್ತ ಅಥವಾ ನೀರು ಕಡಿಮೆಯಾದರೆ ರಕ್ತದೊತ್ತಡ ಕೂಡಲೇ ಇಳಿಯಬೇಕಲ್ಲವೇ? ಮಕ್ಕಳಲ್ಲಿ ಹಾಗಾಗುವುದಿಲ್ಲ. ಹೃದಯ ಜೋರಾಗಿ ಬಡಿಯುತ್ತದೆ, ಕೈಕಾಲಿನ ರಕ್ತನಾಳಗಳು ಕುಗ್ಗಿ ಇರುವ ರಕ್ತವನ್ನೆಲ್ಲ ಮಿದುಳಿಗೆ, ಹೃದಯಕ್ಕೆ ಕಳಿಸುತ್ತವೆ. ಒತ್ತಡ ಬಹಳ ಹೊತ್ತು ತಡೆದು ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಬಿ.ಪಿ. ಯಂತ್ರ ಕೆಟ್ಟ ಸುದ್ದಿ ಹೇಳುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕಿಂತ ಮೊದಲೇ ಸುದ್ದಿ ಹೇಳುವುದು ಯಾವುದು? ಕೂಸಿನ ಕೈ. ಅದು ತಣ್ಣಗಾಗಿರುತ್ತದೆ. ಕೈ ಮುಟ್ಟಿ ನೋಡಲಿಕ್ಕೆ ಕರೆಂಟು ಬೇಕಿಲ್ಲ, ರೊಕ್ಕ ಬೇಕಿಲ್ಲ.

ಬಡ ದೇಶಗಳ ಆಸ್ಪತ್ರೆಗಳಲ್ಲಿ ತೀರಿಕೊಳ್ಳುವ ಮಕ್ಕಳಲ್ಲಿ ಬಹಳಷ್ಟು ಮಂದಿ ಹೋಗುವುದು ದಾಖಲಾದ ಮೊದಲ 24 ಗಂಟೆಯೊಳಗೆ. ಆಸ್ಪತ್ರೆಯ ಬಾಗಿಲಿಗೆ ಬಂದಾಗಿದೆ, ಔಷಧಿ ಒಳಗೆ ಇದೆ, ಕೂಸು ಇನ್ನೂ ಪಾಳಿಯಲ್ಲಿದೆ. ಮೊಲಿನ್ಯೂ ಅವರ ಕೆಲಸ ನಡೆದದ್ದು ಬಾಗಿಲಿಗೂ ಔಷಧಿಗೂ ನಡುವಿನ ಆ ಜಾಗದಲ್ಲಿ.

ಲಿವರ್‌ಪೂಲಿಗೂ ಬ್ಲಾಂಟೈರಿಗೂ ನಡುವೆ

ಎಲಿಜಬೆತ್ ಮತ್ತು ಅವರ ಗಂಡ ಮಾಲ್ಕಮ್ ಮೊಲಿನ್ಯೂ ಇಬ್ಬರೂ ಡಾಕ್ಟರರು. 1970ರ ದಶಕದಲ್ಲಿ ಇಬ್ಬರೂ ಮಲಾವಿಗೆ ಹೋದರು. ಮಾಲ್ಕಮ್ ಅವರು ಮಲೇರಿಯಾದ ಸಂಶೋಧನೆಯಲ್ಲಿ ಹೆಸರು ಮಾಡಿದವರು. ಮಲೇರಿಯಾ ಮಿದುಳಿಗೆ ಏರಿದ ಕೂಸು ಎಷ್ಟು ಪ್ರಜ್ಞೆ ತಪ್ಪಿದೆ ಎಂದು ಅಳೆಯಲು ಅವರು ಟೆರಿ ಟೇಲರ್ ಎಂಬ ಅಮೆರಿಕದ ವೈದ್ಯೆಯ ಜೊತೆ ಮಾಡಿದ ಅಳತೆಗೋಲನ್ನು ಇವತ್ತಿಗೂ 'ಬ್ಲಾಂಟೈರ್ ಕೋಮಾ ಸ್ಕೋರ್' ಅಂತಲೇ ಕರೆಯುತ್ತಾರೆ. ದೊಡ್ಡವರಿಗಾಗಿ ಮಾಡಿದ ಹಳೆಯ ಅಳತೆಯಲ್ಲಿ ರೋಗಿ ಮಾತಾಡಬೇಕು. ಮಾತು ಬರದ ಕೂಸು ಏನು ಹೇಳೀತು? ಬ್ಲಾಂಟೈರಿನ ಅಳತೆಯಲ್ಲಿ ಮಾತಿನ ಬದಲು ಅಳು ನೋಡುತ್ತಾರೆ. ಸೊನ್ನೆಯಿಂದ ಐದರವರೆಗೆ ಅಂಕ, ಐದು ಬಂದರೆ ಪೂರ್ಣ ಎಚ್ಚರ.

ಎಲಿಜಬೆತ್ ಮಕ್ಕಳ ತಜ್ಞೆ. ನಡುವೆ ಇಂಗ್ಲೆಂಡಿಗೆ ಮರಳಿ, ಲಿವರ್‌ಪೂಲ್ ನಗರದ ಆಲ್ಡರ್ ಹೇ ಎಂಬ ಮಕ್ಕಳ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹಿರಿಯ ವೈದ್ಯೆಯಾಗಿದ್ದರು. ಆಗ ಬ್ರಿಟನ್ನಿನಲ್ಲಿ ಮಕ್ಕಳ ತುರ್ತು ಚಿಕಿತ್ಸೆಯನ್ನು ಒಂದು ಕ್ರಮವಾಗಿ ಕಲಿಸುವ ತರಬೇತಿ ಬೆಳೆಯುತ್ತಿತ್ತು. ಇಂಗ್ಲಿಷಿನಲ್ಲಿ ಅದನ್ನು ಸಂಕ್ಷೇಪವಾಗಿ ಎಪಿಎಲ್‌ಎಸ್ ಅನ್ನುತ್ತಾರೆ. ಬಹಳ ಒಳ್ಳೆಯ ತರಬೇತಿ. ಆದರೆ ಅದು ಮಾನಿಟರು, ವೆಂಟಿಲೇಟರು, ರಕ್ತ ಪರೀಕ್ಷೆಯ ಲ್ಯಾಬು, ಹತ್ತಿರದಲ್ಲೇ ತಜ್ಞರು ಇರುವ ಆಸ್ಪತ್ರೆಗೆ ಹೊಂದುವಂಥದ್ದು.

ಬ್ಲಾಂಟೈರಿನ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆ ಬೇರೆಯೇ ಲೋಕ. (ಆಸ್ಪತ್ರೆಯ ಹೆಸರು ಬ್ರಿಟನ್ನಿನ ರಾಣಿಯದು, ನಮ್ಮ ಡಾಕ್ಟರರದ್ದಲ್ಲ. ಪರೀಕ್ಷೆಯಲ್ಲಿ ತಪ್ಪು ಬರೀಬ್ಯಾಡ್ರಿ!) ಮಳೆಗಾಲ ಬಂದರೆ ಮಲೇರಿಯಾ, ಅದರ ಜೊತೆ ನ್ಯುಮೋನಿಯಾ, ಭೇದಿ, ಹೊಟ್ಟೆಗಿಲ್ಲದೆ ಸೊರಗಿದ ಮಕ್ಕಳು. ರೋಗಿಗಳು ಬಹಳ, ಸಿಬ್ಬಂದಿ ಕಡಿಮೆ. ಮಲಾವಿಗೆ ತನ್ನದೇ ವೈದ್ಯಕೀಯ ಕಾಲೇಜು ಬಂದದ್ದೇ 1991ರಲ್ಲಿ. ಆ ಕಾಲೇಜಿನ ಮಕ್ಕಳ ವಿಭಾಗದಲ್ಲಿ ಪ್ರೊಫೆಸರ್ ಆಗಿ ಎಲಿಜಬೆತ್ ಮೊಲಿನ್ಯೂ ಮಲಾವಿಯವರೇ ಆದ ಯುವ ವೈದ್ಯರನ್ನು ತಯಾರು ಮಾಡಿದರು.

ಇಲ್ಲಿ ಅವರ ಮುಂದೆ ಎರಡು ದಾರಿ ಇದ್ದವು. ಲಿವರ್‌ಪೂಲಿನಲ್ಲಿ ಇದ್ದದ್ದೆಲ್ಲ ಬ್ಲಾಂಟೈರಿಗೂ ಬರಲಿ ಅಂತ ಕಾಯುವುದು ಒಂದು. ಲಿವರ್‌ಪೂಲಿನ ಜ್ಞಾನದಲ್ಲಿ ಯಂತ್ರ ತೆಗೆದರೆ ಏನು ಉಳಿಯುತ್ತದೆ ಅಂತ ಕೇಳಿಕೊಳ್ಳುವುದು ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಕೆಲಸದಲ್ಲಿ ಬೇರೆ ದೇಶಗಳ ತಜ್ಞರ ಜೊತೆ ಸೇರಿ ಅವರು ಮಾಡಿದ್ದು ಎರಡನೆಯದು. ಎಪಿಎಲ್‌ಎಸ್ ಪಾಠವನ್ನೇ ಸೋಸಿ, ಕಣ್ಣು, ಕಿವಿ, ಕೈ ಇಷ್ಟರಿಂದ ಮಾಡಬಹುದಾದ ಒಂದು ಕ್ರಮ ಮಾಡಿದರು. ಅದರ ವೈಜ್ಞಾನಿಕ ಆಧಾರಗಳನ್ನು ವಿವರಿಸುವ ಲೇಖನ ಬಂದದ್ದು 1999ರಲ್ಲಿ, ತರಬೇತಿಯ ಪುಸ್ತಕ ಬಂದದ್ದು 2005ರಲ್ಲಿ. ಈ ಕ್ರಮಕ್ಕೆ 'ಇಟ್ಯಾಟ್' ಅಂತ ಹೆಸರು. ತುರ್ತಾಗಿ ವಿಂಗಡಿಸು, ಪರೀಕ್ಷಿಸು, ಚಿಕಿತ್ಸೆ ಕೊಡು ಎಂಬ ಮೂರು ಮಾತುಗಳ ಇಂಗ್ಲಿಷ್ ಸಂಕ್ಷೇಪ ಅದು. ಪೂರ್ತಿ ತರಬೇತಿಗೆ ಮೂರೂವರೆ ದಿನ ಸಾಕು.

ಎ, ಬಿ, ಸಿ, ಡಿ

ಕ್ರಮ ನೆನಪಿಡುವುದು ಸುಲಭ. ಬಾಗಿಲಲ್ಲಿ ಕೂಸನ್ನು ಕಂಡ ಕೂಡಲೇ ಈ ಪ್ರಶ್ನೆಗಳನ್ನು ಇದೇ ಅನುಕ್ರಮದಲ್ಲಿ ಕೇಳಿಕೊಳ್ಳಬೇಕು.

ಎ ಅಂದರೆ ಏರ್‌ವೇ, ಉಸಿರಿನ ದಾರಿ: ದಾರಿ ತೆರೆದಿದೆಯೇ, ಏನಾದರೂ ಸಿಕ್ಕಿಕೊಂಡಿದೆಯೇ? ಬಿ ಅಂದರೆ ಬ್ರೀದಿಂಗ್, ಉಸಿರಾಟ: ಉಸಿರಾಡುತ್ತಿದೆಯೇ, ತುಟಿ ನಾಲಿಗೆ ನೀಲಿಗಟ್ಟಿವೆಯೇ, ಉಸಿರಿಗಾಗಿ ಒದ್ದಾಡುತ್ತಿದೆಯೇ? ಸಿ ಮಾತ್ರ ಮೂರು ಸಲ ಬರುತ್ತದೆ. ಮೊದಲನೆಯದು ಸರ್ಕ್ಯುಲೇಶನ್, ರಕ್ತದ ಓಟ: ಕೈ ಬೆಚ್ಚಗಿದೆಯೇ? ಎರಡನೆಯದು ಕೋಮಾ: ಕರೆದರೆ ಕಣ್ಣು ಬಿಡುತ್ತದೆಯೇ, ಚಿವುಟಿದರಾದರೂ ಅಳುತ್ತದೆಯೇ? ಮೂರನೆಯದು ಕನ್ವಲ್ಶನ್, ಅಂದರೆ ಫಿಟ್ಸ್. ಕೊನೆಗೆ ಡಿ, ಡಿಹೈಡ್ರೇಶನ್, ನೀರಿಲ್ಲದೆ ಒಣಗುವುದು: ಭೇದಿ ಆದ ಕೂಸು ನಿತ್ರಾಣವಾಗಿದೆಯೇ, ಕಣ್ಣು ಗುಳಿ ಬಿದ್ದಿವೆಯೇ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಹಿಂದಕ್ಕೆ ಹೋಗಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆಯೇ?

ಇವುಗಳಲ್ಲಿ ಅಪಾಯದ ಗುರುತು ಕಂಡರೆ ಪಾಳಿ ಗೀಳಿ ಇಲ್ಲ, ಕೂಸು ನೇರ ಒಳಗೆ. ಕೇಸ್ ಪೇಪರ್ ಆಮೇಲೆ. ಈ ಗುರುತು ಇಲ್ಲದಿದ್ದರೂ ಎರಡು ತಿಂಗಳಿಗಿಂತ ಚಿಕ್ಕ ಕೂಸು, ಬಹಳ ಜ್ವರ, ಸುಟ್ಟ ಗಾಯ, ವಿಷ ಕುಡಿದದ್ದು, ತೀರ ಬಿಳಿಚಿಕೊಂಡ ಅಂಗೈ, ಎರಡೂ ಪಾದಗಳ ಊತ ಇಂಥವು ಕಂಡರೆ ಪಾಳಿಯ ಮುಂದಕ್ಕೆ. ಉಳಿದವರು ತಮ್ಮ ಸರದಿಯಲ್ಲಿ. ಅಪಾಯದ ಗುರುತು ಇಲ್ಲದ ಮಗುವನ್ನು ಹೀಗೆ ನೋಡಿ ಮುಗಿಸಲು ಸರಾಸರಿ 20 ಸೆಕೆಂಡು ಸಾಕು ಅನ್ನುತ್ತದೆ ತರಬೇತಿಯ ಪುಸ್ತಕ. ಇಪ್ಪತ್ತು ಸೆಕೆಂಡು! ನಾನು ಹಾಜರಿ ಕೂಗುವಾಗ ನಾಲ್ಕು ಹೆಸರೂ ಮುಗಿಯುವುದಿಲ್ಲ.

ಈಗ ಒಂದು ಪ್ರಯೋಗ ಮಾಡಿ. ನಿಮ್ಮ ಎಡಗೈ ಹೆಬ್ಬೆರಳಿನ ಉಗುರನ್ನು ಬಲಗೈಯಿಂದ ಮೂರರಿಂದ ಐದು ಸೆಕೆಂಡು ಒತ್ತಿ ಹಿಡಿಯಿರಿ. ಉಗುರಿನ ಕೆಳಗಿನ ರಕ್ತ ಸರಿದು ಬೆಳ್ಳಗಾಗುತ್ತದೆ. ಬಿಡಿ. ಮತ್ತೆ ಗುಲಾಬಿ ಬಣ್ಣ ಬರಲು ಎಷ್ಟು ಹೊತ್ತು? ಆರೋಗ್ಯವಾಗಿ ಬೆಚ್ಚಗಿರುವವರಲ್ಲಿ ಒಂದೆರಡು ಸೆಕೆಂಡಿನೊಳಗೆ ಬಂದುಬಿಡುತ್ತದೆ. ಕಾಯಿಲೆಯ ಕೂಸಿನಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅದು ಕೆಟ್ಟ ಗುರುತು: ಕೈಯ ರಕ್ತನಾಳಗಳು ಕುಗ್ಗಿವೆ, ಮೈ ಒಳಗಿನ ಅಂಗಗಳಿಗಾಗಿ ರಕ್ತ ಉಳಿಸುತ್ತಿದೆ.

ಇನ್ನು ಅದೇ ಕೈಯನ್ನು ಮಡಕೆಯ ತಣ್ಣೀರಿನಲ್ಲಿ ಎರಡು ನಿಮಿಷ ಅದ್ದಿ ಮತ್ತೆ ಅಳೆಯಿರಿ. ಸಮಯ ಹೆಚ್ಚಾಗುವುದು ಕಾಣುತ್ತದೆ. ನಿಮಗೆ ಕಾಯಿಲೆ ಬಂತೇ? ಇಲ್ಲ, ಬರೀ ತಂಪು. ಹಾಗಾದರೆ ಚಳಿಗಾಲದ ಬೆಳಿಗ್ಗೆ ಬಂದ ಕೂಸಿನ ಉಗುರೊಂದನ್ನೇ ನಂಬಬಹುದೇ? ನಂಬಬಾರದು. ಅದಕ್ಕೇ ಉಗುರಿನ ಜೊತೆಗೆ ಕೈಯ ತಂಪು, ನಾಡಿಯ ಓಟ ಎರಡನ್ನೂ ನೋಡು, ಮೂರೂ ಸೇರಿದರೆ 'ಶಾಕ್' ಅನ್ನು ಎನ್ನುತ್ತದೆ ಇಟ್ಯಾಟ್. ಕರೆಂಟಿನ ಶಾಕ್ ಅಲ್ಲ ಇದು, ರಕ್ತದ ಓಟ ಸೋತು ನಿಲ್ಲುವ ಸ್ಥಿತಿ. ಒಂದೇ ಅಳತೆಯ ಮೇಲೆ ತೀರ್ಮಾನ ಮಾಡಬಾರದು ಅಂತ ನಾವು ಪ್ರಯೋಗಶಾಲೆಯಲ್ಲಿ ಹೇಳುತ್ತೇವಲ್ಲ, ಇಲ್ಲಿ ಅದು ಜೀವದ ಪ್ರಶ್ನೆ.

2001ರ ಜನವರಿ

ಬ್ಲಾಂಟೈರಿನ ಆ ಆಸ್ಪತ್ರೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಒಂದು ವಿಭಾಗ ಇತ್ತು. ಸಾಮಾನ್ಯ ನೆಗಡಿ ಕೆಮ್ಮಿಗೆ ಬಂದವರು, ಲಸಿಕೆಗೆ ಬಂದವರು, ಸಾಯುವ ಸ್ಥಿತಿಯಲ್ಲಿ ಬಂದವರು ಎಲ್ಲರೂ ಅಲ್ಲಿಗೇ ಬರಬೇಕು. ದಾಖಲು ಮಾಡಬೇಕಾಗಿಲ್ಲದ ಕೆಲವರು ದಾಖಲಾಗುತ್ತಿದ್ದರು, ಕೂಡಲೇ ನೋಡಬೇಕಾದವರು ಕಾಯುತ್ತಿದ್ದರು. ವಾರ್ಡಿಗೆ ದಾಖಲಾದ ನೂರು ಮಕ್ಕಳಲ್ಲಿ 10ರಿಂದ 18 ಮಕ್ಕಳು ತೀರಿಕೊಳ್ಳುತ್ತಿದ್ದರು.

ಮೊಲಿನ್ಯೂ ಮತ್ತು ಸಂಗಡಿಗರು ವಿಭಾಗದ ಕೋಣೆಗಳ ಏರ್ಪಾಟನ್ನೇ ಬದಲಿಸಿದರು. ಬಾಗಿಲಿನಿಂದ ರೋಗಿ ಹೇಗೆ ಸಾಗಬೇಕು ಎಂದು ದಾರಿ ಹಾಕಿದರು. ಸಿಬ್ಬಂದಿಗೆ ವಿಂಗಡಣೆ ಮತ್ತು ತುರ್ತು ಚಿಕಿತ್ಸೆಯ ತರಬೇತಿ ಕೊಟ್ಟರು. ಹೊರರೋಗಿ ವಿಭಾಗಕ್ಕೂ ವಾರ್ಡಿಗೂ ಹೊಂದಾಣಿಕೆ ಮಾಡಿಸಿದರು. ಹೊಸ ರೂಪದಲ್ಲಿ ವಿಭಾಗ ಮತ್ತೆ ತೆರೆದದ್ದು 2001ರ ಜನವರಿಯಲ್ಲಿ. ಆಮೇಲಿನ ವರ್ಷಗಳಲ್ಲಿ ನೂರಕ್ಕೆ ಸಾವು 6ರಿಂದ 8ಕ್ಕೆ ಇಳಿಯಿತು. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಈ ಲೆಕ್ಕ ಪ್ರಕಟವಾಯಿತು. ಸಾವಿರ ಮಕ್ಕಳು ದಾಖಲಾದರೆ ಮೊದಲು 100ರಿಂದ 180, ಆಮೇಲೆ 60ರಿಂದ 80. ವ್ಯತ್ಯಾಸದ ಆ ಮಕ್ಕಳು ಮನೆಗೆ ಹೋದರು.

ವಿಜ್ಞಾನದ ವಿದ್ಯಾರ್ಥಿಗಳಾಗಿ ನೀವು ಇಲ್ಲಿ ಕೈ ಎತ್ತಬೇಕು. "ಸರ್, ಮೊದಲು ಹಂಗಿತ್ತು, ಆಮೇಲೆ ಹಿಂಗಾತು ಅಂದ್ರ ಇದರಿಂದಲೇ ಆತು ಅಂತ ಹೆಂಗ ಹೇಳೂದು?" ಸರಿಯಾದ ಪ್ರಶ್ನೆ. ಒಂದು ವರ್ಷ ಮಲೇರಿಯಾ ಕಡಿಮೆ ಇದ್ದಿರಬಹುದು, ಬೇರೆ ಔಷಧಿ ಬಂದಿರಬಹುದು. ಮೊದಲು-ಆಮೇಲೆ ಎಂಬ ಹೋಲಿಕೆ ಗಟ್ಟಿ ಸಾಕ್ಷಿ ಅಲ್ಲ. ಆದರೆ ಒಂದು ಲೆಕ್ಕ ಗಮನಿಸಿ. ನೂರು ಮಕ್ಕಳು ದಾಖಲಾಗಿ 15 ಸಾವು ಅಂದರೆ ಶೇಕಡಾ 15. ಅದರಲ್ಲಿ ದಾಖಲಾಗಬೇಕಿಲ್ಲದ, ಗಟ್ಟಿಮುಟ್ಟಾದ 20 ಮಕ್ಕಳನ್ನು ಮನೆಗೆ ಕಳಿಸಿದರೆ, ಉಳಿದ 80ರಲ್ಲಿ 15 ಸಾವು, ಅಂದರೆ ಶೇಕಡಾ 19ರ ಹತ್ತಿರ. ಅನವಶ್ಯಕ ದಾಖಲಾತಿ ಕಡಿಮೆಯಾದರೆ ಸಾವಿನ ಶೇಕಡಾವಾರು ಏರಬೇಕು. ಬ್ಲಾಂಟೈರಿನಲ್ಲಿ ಅದು ಇಳಿದಿದೆ. ನನಗೆ ಇದು ಆ ಅಂಕಿಗಳ ಮೇಲೆ ನಂಬಿಕೆ ಹೆಚ್ಚಿಸಿತು. ನೀವು ಒಪ್ಪಬೇಕೆಂದೇನಿಲ್ಲ, ವಾದ ಮಾಡಿ.

ಈ ತರಬೇತಿಯಲ್ಲಿ ನನಗೆ ಬಹಳ ಹಿಡಿಸಿದ ಮಾತು ಬೇರೆ. ಯಾರಿಗೆ ಕಲಿಸಬೇಕು ಎಂಬಲ್ಲಿ ಇಟ್ಯಾಟ್ ಪುಸ್ತಕ ಡಾಕ್ಟರು ನರ್ಸುಗಳನ್ನಷ್ಟೇ ಹೇಳುವುದಿಲ್ಲ. ಗೇಟಿನ ಕಾವಲುಗಾರ, ನೋಂದಣಿಯ ಕಾರಕೂನ, ಕಸ ಗುಡಿಸುವವರು ಇವರೆಲ್ಲರಿಗೂ ಅಪಾಯದ ಗುರುತು ಕಲಿಸಬೇಕು ಅನ್ನುತ್ತದೆ. ಕಾರಣ ಸರಳ: ಕೂಸನ್ನು ಎಲ್ಲರಿಗಿಂತ ಮೊದಲು ನೋಡುವವರು ಅವರೇ. ಗೇಟಿನವನಿಗೆ ಗೊತ್ತಿದ್ದರೆ "ಅಕ್ಕಾ, ಪಾಳಿ ಬಿಡು, ಒಳಗ ನಡಿ" ಅನ್ನುತ್ತಾನೆ. ಗೊತ್ತಿಲ್ಲದಿದ್ದರೆ "ಮೊದಲ ಕೇಸ್ ಪೇಪರ್ ಮಾಡಿಸ್ಕೊಂಡ ಬಾ" ಅನ್ನುತ್ತಾನೆ. ದವಾಖಾನೆಯಲ್ಲಿ ಎರಡನೆಯ ಮಾತು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಅವನ ತಪ್ಪಲ್ಲ ಅದು, ಅವನಿಗೆ ಯಾರೂ ಕಲಿಸಿಲ್ಲ.

ಪಾಠವನ್ನೇ ತಿದ್ದಬೇಕಾದಾಗ

ಇಟ್ಯಾಟ್ ಮುಂದೆ ಅನೇಕ ದೇಶಗಳಿಗೆ ಹೋಯಿತು. ಕೀನ್ಯಾದಲ್ಲಿ, ರುವಾಂಡಾದಲ್ಲಿ ಅದನ್ನು ಇನ್ನಷ್ಟು ಬೆಳೆಸಿ ಕಲಿಸಿದರು. ಆದರೆ ಕಲಿಸುವವರಿಗೆ ಒಂದು ದೊಡ್ಡ ಪರೀಕ್ಷೆ 2011ರಲ್ಲಿ ಬಂತು.

ರಕ್ತದ ಓಟ ಕುಂದಿದ ಕೂಸಿಗೆ ನರದ ಮೂಲಕ ಬೇಗಬೇಗ ಸಲೈನ್ ಹರಿಸಬೇಕು ಎಂಬುದು ಆವರೆಗೆ ಎಲ್ಲ ಕಡೆ ಕಲಿಸುತ್ತಿದ್ದ ಪಾಠ. ಶ್ರೀಮಂತ ದೇಶಗಳ ಪುಸ್ತಕದಲ್ಲೂ ಅದೇ. ಕೀನ್ಯಾದಲ್ಲಿ ಕೆಲಸ ಮಾಡುತ್ತಿದ್ದ ಕ್ಯಾಥರಿನ್ ಮೇಟ್‌ಲ್ಯಾಂಡ್ ಎಂಬ ಮಕ್ಕಳ ವೈದ್ಯೆ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೇ ಒಡ್ಡಿದರು. ಉಗಾಂಡಾ, ಕೀನ್ಯಾ, ತಾಂಜಾನಿಯಾ ದೇಶಗಳಲ್ಲಿ ಜ್ವರದ ಜೊತೆ ರಕ್ತದ ಓಟ ಕುಂದಿದ 3,141 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವೇಗವಾಗಿ ಸಲೈನ್, ಇನ್ನೊಂದಕ್ಕೆ ವೇಗವಾಗಿ ಆಲ್ಬುಮಿನ್ ದ್ರಾವಣ, ಮೂರನೆಯದಕ್ಕೆ ವೇಗದ ದ್ರವ ಇಲ್ಲ, ಉಳಿದ ಚಿಕಿತ್ಸೆ ಮಾತ್ರ. 48 ಗಂಟೆಗಳಲ್ಲಿ ಆದ ಸಾವು ಮೊದಲೆರಡು ಗುಂಪಿನಲ್ಲಿ ನೂರಕ್ಕೆ ಸುಮಾರು ಹತ್ತೂವರೆ, ಮೂರನೆಯದರಲ್ಲಿ 7.3. ಜೀವ ಉಳಿಸುತ್ತದೆ ಅಂದುಕೊಂಡದ್ದು ಆ ಮಕ್ಕಳಿಗೆ ಕೆಡುಕು ಮಾಡಿತ್ತು. ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು.

ಒಂದು ಎಚ್ಚರಿಕೆ: ಭೇದಿಯಿಂದ ತೀವ್ರವಾಗಿ ಒಣಗಿದ ಮಕ್ಕಳನ್ನು ಈ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಅವರಿಗೆ ನೀರು ಬೇಕೇ ಬೇಕು, ಓ.ಆರ್.ಎಸ್. ಬೇಕೇ ಬೇಕು. ಮನೆಗೆ ಹೋಗಿ "ನಮ್ಮ ಸರ್ ನೀರು ಕೊಡಬ್ಯಾಡ ಅಂದಾರ" ಅಂದೀರಿ ಮತ್ತೆ!

2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಟ್ಯಾಟ್ ಪಾಠವನ್ನು ತಿದ್ದಿತು. ತಂಪು ಕೈ, ನಿಧಾನವಾದ ಉಗುರು, ಕ್ಷೀಣವಾಗಿ ಓಡುವ ನಾಡಿ ಮೂರೂ ಇಲ್ಲದ ಮಗುವಿಗೆ ವೇಗವಾಗಿ ದ್ರವ ಕೊಡಬೇಡಿ. ಮೂರೂ ಇದ್ದರೂ ಆದಷ್ಟು ಬೇಗ ಸುರಿಯುವ ಬದಲು ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 20 ಮಿಲಿಲೀಟರಿನಂತೆ ಅರ್ಧದಿಂದ ಒಂದು ಗಂಟೆಯವರೆಗೆ ನಿಧಾನವಾಗಿ ಕೊಡಿ ಎಂದಿತು. ವರ್ಷಗಟ್ಟಲೆ ಸಾವಿರಾರು ಮಂದಿಗೆ ಒಂದು ರೀತಿ ಕಲಿಸಿ, ಆಮೇಲೆ ನಿಂತು "ಅದು ಸರಿಯಲ್ಲ, ಇದನ್ನು ಕಲಿಯಿರಿ" ಅನ್ನುವುದು ಶಿಕ್ಷಕನಿಗೆ ಸುಲಭ ಅಲ್ಲ. ಫಲಕದ ಮೇಲೆ ಒಂದು ಲೆಕ್ಕ ತಪ್ಪು ಮಾಡಿ ಒರೆಸುವಾಗಲೇ ನನ್ನ ಕಿವಿ ಬಿಸಿಯಾಗುತ್ತವೆ.

ನೀರಿನ ಬಾಟಲಿಯ ಯಂತ್ರ

ಬ್ಲಾಂಟೈರಿನ ಅದೇ ಆಸ್ಪತ್ರೆಯ ಇನ್ನೊಂದು ಕೆಲಸ ಹೇಳಲೇಬೇಕು, ನಿಮ್ಮ ಭೌತಶಾಸ್ತ್ರದ ಪುಸ್ತಕದ ಒಂದು ಸೂತ್ರ ಅಲ್ಲಿ ಕೂಸಿನ ಮೂಗಿನವರೆಗೆ ಹೋಗಿದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಪುಪ್ಪುಸದ ಸಣ್ಣ ಗಾಳಿಚೀಲಗಳು ಪ್ರತಿ ಉಸಿರಿಗೂ ಮುಚ್ಚಿಕೊಳ್ಳುತ್ತವೆ. ಹೊಸ ಫುಗ್ಗ ಊದುವಾಗ ಮೊದಲ ಊದು ಎಷ್ಟು ಕಷ್ಟ, ಒಮ್ಮೆ ಸ್ವಲ್ಪ ಉಬ್ಬಿದ ಮೇಲೆ ಎಷ್ಟು ಸುಲಭ! ಆ ಕೂಸಿಗೆ ಪ್ರತಿ ಉಸಿರೂ ಮೊದಲ ಊದು. ಚೀಲಗಳು ಪೂರ್ತಿ ಮುಚ್ಚದಂತೆ ಸ್ವಲ್ಪ ಒತ್ತಡದ ಗಾಳಿ ಸದಾ ಇದ್ದರೆ ಸಾಕು.

ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದಕ್ಕೆ ಅಗ್ಗದ ಯಂತ್ರವೊಂದನ್ನು ಮಾಡಿದರು. ಮೊದಲ ಮಾದರಿಯಲ್ಲಿ ಬಳಸಿದ್ದು ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರ ಗಾಳಿ ಪಂಪು. ಗಾಳಿ ಕೂಸಿನ ಮೂಗಿನ ಮೂಲಕ ಹೋಗಿ, ಹೊರಗೆ ಬರುವ ಕೊಳವೆಯ ತುದಿ ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ. ತುದಿ 6 ಸೆಂಟಿಮೀಟರ್ ಆಳದಲ್ಲಿದ್ದರೆ ಅಷ್ಟು ನೀರಿನ ಒತ್ತಡವನ್ನು ಮೀರಿದರೆ ಮಾತ್ರ ಗಾಳಿ ಗುಳ್ಳೆಯಾಗಿ ಹೊರಬರಬೇಕು. ಆಳ × ಸಾಂದ್ರತೆ × ಗುರುತ್ವ: 0.06 × 1000 × 9.8, ಅಂದರೆ 588 ಪಾಸ್ಕಲ್. ಕೊಳವೆ ಇನ್ನೂ ಕೆಳಗೆ ಇಳಿಸಿದರೆ ಒತ್ತಡ ಹೆಚ್ಚು, ಮೇಲೆ ಎತ್ತಿದರೆ ಕಡಿಮೆ. ಗುಳ್ಳೆ ನಿಂತಿತೆಂದರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ದೂರದಿಂದಲೇ ನರ್ಸಿಗೆ ತಿಳಿಯುತ್ತದೆ. ಬ್ಲಾಂಟೈರಿನಲ್ಲಿ 87 ನವಜಾತ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದ ವರದಿ 2014ರಲ್ಲಿ ಬಂತು; ಬರೆದವರಲ್ಲಿ ಮೊಲಿನ್ಯೂ ಕೂಡ ಒಬ್ಬರು. ಬರೀ ಆಮ್ಲಜನಕ ಕೊಟ್ಟವರಲ್ಲಿ ನೂರಕ್ಕೆ 44, ಈ ಯಂತ್ರ ಹಾಕಿದವರಲ್ಲಿ ನೂರಕ್ಕೆ 71 ಕೂಸುಗಳು ಬದುಕಿದವು.

ನಮ್ಮ ದೇಶಕ್ಕೂ ಈ ಕಥೆಗೂ ನಂಟಿದೆ. ಕೇಂದ್ರ ಆರೋಗ್ಯ ಇಲಾಖೆ ಸರಕಾರಿ ಆಸ್ಪತ್ರೆಗಳ ಡಾಕ್ಟರು, ನರ್ಸುಗಳಿಗೆ ಮಕ್ಕಳ ಕಾಯಿಲೆಗಳ ಬಗ್ಗೆ ಕೊಡುವ ತರಬೇತಿಯಲ್ಲಿ ಇಟ್ಯಾಟ್ ವಿಂಗಡಣೆಯೂ ಒಂದು ಪಾಠ. ಹಾಗಾಗಿ ನಿಮ್ಮ ತಾಲೂಕಿನ ದವಾಖಾನೆಯ ಸಿಸ್ಟರ್‌ಗೆ ಈ ಎ, ಬಿ, ಸಿ, ಡಿ ನನಗಿಂತ ಚೆನ್ನಾಗಿ ಗೊತ್ತಿರಬಹುದು. ಅವರನ್ನು ಒಮ್ಮೆ ಶಾಲೆಗೆ ಕರೆಯಿರಿ.

ಇದನ್ನು ಓದಿದ ಮಾತ್ರಕ್ಕೆ ನಾವು ಯಾರೂ ಡಾಕ್ಟರ್ ಆಗಲಿಲ್ಲ. ಆದರೆ ಮನೆಯ ಕೂಸು ಉಸಿರಿಗೆ ಒದ್ದಾಡುತ್ತಿದ್ದರೆ, ಕರೆದರೂ ಎಚ್ಚರಾಗದಿದ್ದರೆ, ಫಿಟ್ಸ್ ಬಂದರೆ, ಮೊಲೆಹಾಲನ್ನೇ ಕುಡಿಯದಿದ್ದರೆ "ನಾಳೆ ನೋಡೋಣ" ಅನ್ನುವ ಅಜ್ಜಿಗೆ "ಇವತ್ತೇ, ಈಗಲೇ" ಅಂತ ಹೇಳಬಲ್ಲಿರಿ. ಅಂಬ್ಯುಲೆನ್ಸಿಗೆ 108 ಒತ್ತಿ. ನೀವು ಮಹಾರಾಷ್ಟ್ರದಲ್ಲಿರಲಿ, ಕಾಸರಗೋಡಿನಲ್ಲಿರಲಿ, ತಾಳವಾಡಿಯಲ್ಲಿರಲಿ, ಆದೋನಿಯಲ್ಲಿರಲಿ, ಅದೇ ನಂಬರು. ದವಾಖಾನೆ ಮುಟ್ಟಿದ ಮೇಲೆ ಪಾಳಿಯಲ್ಲಿ ನಿಲ್ಲುವ ಮೊದಲು ಒಳಗಿನವರಿಗೆ ಕೂಸನ್ನು ತೋರಿಸಿ. ಸಂಕೋಚ ಬೇಡ.

ಮಾಡಿ ನೋಡಿ

ವರ್ಗದಲ್ಲಿ ಹತ್ತು ಮಂದಿಯ ಉಗುರು ಗುಲಾಬಿಯಾಗುವ ಸಮಯವನ್ನು ಮೂರು ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ತಣ್ಣೀರಿನಲ್ಲಿ ಕೈ ಅದ್ದಿದ ಮೇಲೆ ಮತ್ತೆ ಅಳೆಯಿರಿ. ಅಳೆಯುವವರು ಇಬ್ಬರು ಬೇರೆ ಬೇರೆಯಾಗಿ ಬರೆದುಕೊಂಡರೆ ಒಬ್ಬೊಬ್ಬರ ಅಳತೆಯಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಎಂಬುದೂ ಗೊತ್ತಾಗುತ್ತದೆ.

ಮನೆಯಲ್ಲಿ ಎರಡರಿಂದ ಹನ್ನೊಂದು ತಿಂಗಳ ಕೂಸಿದ್ದರೆ, ಅದು ಶಾಂತವಾಗಿ ಮಲಗಿರುವಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಕೂಸಿನ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಈ ವಯಸ್ಸಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು ಬಂದರೆ ವೇಗದ ಉಸಿರು; ಒಂದರಿಂದ ಐದು ವರ್ಷದವರಿಗೆ 40; ಎರಡು ತಿಂಗಳೊಳಗಿನ ಕೂಸಿಗೆ 60. ಹಾಗೆ ಬಂದರೆ ಇನ್ನೊಮ್ಮೆ ಎಣಿಸಿ, ಆಗಲೂ ಅಷ್ಟೇ ಬಂದರೆ ಅವ್ವನಿಗೆ ಹೇಳಿ ದವಾಖಾನೆಗೆ ಕರಕೊಂಡು ಹೋಗಿ.

ನಿಮ್ಮ ಅಳತೆಯ ಕೋಷ್ಟಕಗಳನ್ನು ನಿಮ್ಮ ವಿಜ್ಞಾನ ಶಿಕ್ಷಕರ ಕೈಯಲ್ಲಿ ಕೊಡಿ. ಮುಂದಿನ ಸಂಚಿಕೆಯಲ್ಲಿ ಎಲ್ಲ ಶಾಲೆಗಳ ಅಂಕಿಗಳನ್ನು ಒಟ್ಟಿಗೆ ಹಾಕೋಣ. ಚಳಿಯ ಊರಾದ ನೀಲಗಿರಿಯ ಮಕ್ಕಳದ್ದೂ ಬಿಸಿಲಿನ ಸೊಲ್ಲಾಪುರದ ಮಕ್ಕಳದ್ದೂ ಒಂದೇ ಬರುತ್ತದೋ ಬೇರೆ ಬರುತ್ತದೋ, ನನಗೂ ನೋಡಬೇಕಾಗಿದೆ.